ಕನ್ನಡ ಅಂಕಿಗಳನ್ನು ಒಂದೇ ಓಟದಲ್ಲಿ ಬದಲಿಸುವುದು ಹೇಗೆ?

ಮಂಡ್ಯ ಕಡೆಯ ಹಾಲಿನ ಸಂಘದ ಲೆಕ್ಕವಿರಲಿ, ಕೃಷ್ಣರಾಜಸಾಗರದ ನೀರಿನ ಮಟ್ಟದ ಪಟ್ಟಿಯಿರಲಿ, ಹಲವರು ಸೇರಿ ಟೈಪ್ ಮಾಡಿದ ಕಡತದಲ್ಲಿ ‘೧೨೪.೮೦ ಅಡಿ’ಯೂ ‘124.80 ಅಡಿ’ಯೂ ಬೆರೆತಿರುತ್ತವೆ. ನಮಗೆ ಎರಡೂ ಅಣೆಕಟ್ಟೆಯ ಗರಿಷ್ಠ ಮಟ್ಟವೇ. ಪದ ಹುಡುಕುವ ಪ್ರೋಗ್ರಾಂಗೆ ಬೇರೆ ಬೇರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇವನ್ನು ಒಂದೇ ರೂಪಕ್ಕೆ ತರುವ ಬಗೆ ಹೀಗಿದೆ.

ಮೊದಲು, ಬದಲಿಸುವ ಅಗತ್ಯವಿದೆಯೇ ನೋಡಿಕೊಳ್ಳಿ. ಕಾಲಂನಲ್ಲಿ ಬರೀ ಸಂಖ್ಯೆಯಿದ್ದರೆ ಈ ತಾಪತ್ರಯವೇ ಬೇಡ. ಪೈಥಾನ್ 3ರಲ್ಲಿ ಪಠ್ಯವನ್ನು ಸಂಖ್ಯೆಯಾಗಿಸುವ ‘ಇಂಟ್’, ‘ಫ್ಲೋಟ್’ಗಳು ಕನ್ನಡ ಅಂಕಿಗಳನ್ನು ನೇರವಾಗಿ ಓದುತ್ತವೆ.

ಅಂಕಿ ವಾಕ್ಯದ ನಡುವೆ ಇದ್ದರೆ ಹೆಚ್ಚಿನವರಿಗೆ ಥಟ್ಟನೆ ಹೊಳೆಯುವುದು ಹುಡುಕಿ ಬದಲಿಸುವ ‘ರಿಪ್ಲೇಸ್’ ಆಜ್ಞೆಯನ್ನು ಅಂಕಿಗೊಂದರಂತೆ ಹತ್ತು ಸಲ ಪೋಣಿಸಿದ ಸರಪಳಿ. ಪೈಥಾನ್‌ನ ಸ್ಟ್ರಿಂಗನ್ನು, ಅಂದರೆ ಅಕ್ಷರಗಳ ಸಾಲನ್ನು, ಇದ್ದಲ್ಲೇ ತಿದ್ದಲಾಗುವುದಿಲ್ಲ. ಪ್ರತಿ ರಿಪ್ಲೇಸ್ ಪಠ್ಯವನ್ನು ಮೊದಲಿನಿಂದ ಜಾಲಾಡಿ, ಅಂಕಿ ಸಿಕ್ಕರೆ ಹೊಸ ಪ್ರತಿ ಮಾಡುತ್ತದೆ. ಅದರ ಬದಲು ಯಾವುದಕ್ಕೆ ಯಾವುದು ಎಂಬ ಕೋಷ್ಟಕ ಕಟ್ಟುವ ‘ಮೇಕ್‌ಟ್ರಾನ್ಸ್’ಗೆ ಸಮ ಉದ್ದದ ಎರಡು ಸ್ಟ್ರಿಂಗ್ ಕೊಡಿ: ೦೧೨೩೪೫೬೭೮೯ ಮತ್ತು 0123456789. ಸಿದ್ಧವಾಗುವ ಕೋಷ್ಟಕವನ್ನು ‘ಟ್ರಾನ್ಸ್‌ಲೇಟ್’ಗೆ ಒಪ್ಪಿಸಿದರೆ ಎಲ್ಲವೂ ಒಂದೇ ಓಟದಲ್ಲಿ ಬದಲಾಗುತ್ತದೆ. ಕೋಷ್ಟಕವನ್ನು, ಸಾಲುಗಳನ್ನು ಒಂದೊಂದಾಗಿ ಓದುವ ಲೂಪ್‌ನ ಹೊರಗೆ ಒಮ್ಮೆ ಮಾತ್ರ ಕಟ್ಟಿ. ಸಾಲು ಸಾಲಿಗೂ ಕಟ್ಟುತ್ತಾ ಕುಳಿತರೆ ಉಳಿಸಿದ ಸಮಯವೆಲ್ಲ ಅಲ್ಲಿಗೇ ಹೋಗುತ್ತದೆ.

ಮೇಕ್‌ಟ್ರಾನ್ಸ್‌ಗೆ ಮೂರನೆಯ ಸ್ಟ್ರಿಂಗ್ ಕೊಟ್ಟರೆ ಅದರೊಳಗಿನ ಅಕ್ಷರಗಳು ಅಳಿಸಿಹೋಗುತ್ತವೆ. ಕನ್ನಡಕ್ಕೆ ಇದು ಬಹಳ ಉಪಯೋಗಿ. ‘ಕೆಆರ್‌ಎಸ್’ ಎಂಬುದರ ನಡುವೆ ಕೆಲವರು ಕಣ್ಣಿಗೆ ಕಾಣದ ಬೇರ್ಪಡಿಕೆ ಚಿಹ್ನೆಯನ್ನು (ಯೂನಿಕೋಡ್‌ನಲ್ಲಿ ಅದರ ಸಂಕೇತ 200ಸಿ) ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಪರದೆಯಲ್ಲಿ ಎರಡೂ ಒಂದೇ, ಹುಡುಕಾಟದಲ್ಲಿ ಮಾತ್ರ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಆದರೆ ಈ ಚಿಹ್ನೆಯನ್ನು ಹುಡುಕಾಟಕ್ಕೆಂದು ಮಾಡಿಕೊಂಡ ಪ್ರತಿಯಲ್ಲಷ್ಟೇ ಅಳಿಸಿ. ಮೂಲದಲ್ಲಿ ಅಳಿಸಿದರೆ ‘ಬ್ಯಾಂಕ್‌ನಲ್ಲಿ’ ಎಂಬುದರ ‘ನ’ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ.

ಟ್ರಾನ್ಸ್‌ಲೇಟ್ ಯಾವಾಗಲೂ ಗೆಲ್ಲುತ್ತದೆಂದು ನಂಬಬೇಡಿ. ಪಠ್ಯ ಪೂರ್ತಿ ಆಸ್ಕಿ ಅಕ್ಷರಗಳಲ್ಲಿದ್ದರೆ (ಇಂಗ್ಲಿಷ್‌ನ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ಇದ್ದರೆ) ಅದಕ್ಕೊಂದು ವೇಗದ ಒಳದಾರಿಯಿದೆ. ಕನ್ನಡ ಪಠ್ಯದಲ್ಲಾದರೆ ಬದಲಾಗದ ಅಕ್ಷರಕ್ಕೂ ಕೋಷ್ಟಕ ನೋಡಿಯೇ ಮುಂದುವರಿಯಬೇಕು. ಬದಲಿಸಬೇಕಾದದ್ದು ಎರಡು ಮೂರು ಅಕ್ಷರವಷ್ಟೇ ಆದರೆ ರಿಪ್ಲೇಸ್‌ ಮುಂದಾಗಬಹುದು. ಓಡುವ ಸಮಯ ಅಳೆಯುವ ‘ಟೈಮ್‌ಇಟ್’ ಬಳಸಿ ನಿಮ್ಮದೇ ಕಡತದ ಮೇಲೆ ಅಳೆದು ನೋಡಿ.

ಅಕ್ಷರಗಳ ಬದಲು ಬೈಟ್‌ಗಳ ಮೇಲೆ ನಡೆಯುವ ಟ್ರಾನ್ಸ್‌ಲೇಟ್ ಇನ್ನೂ ಚುರುಕು ಎಂಬ ಸಲಹೆಯೂ ಸಿಗುತ್ತದೆ. ಅದರ ಕೋಷ್ಟಕದಲ್ಲಿರುವುದು 256 ಮನೆ, ಒಂದು ಮನೆಗೆ ಒಂದು ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಅಂಕಿಗೂ ಮೂರು ಬೈಟ್ ಬೇಕಾದ್ದರಿಂದ ಅದು ಈ ಕೆಲಸಕ್ಕೆ ಒದಗುವುದಿಲ್ಲ.