ಒಂದು ಕಮ್ಮಿ, ಎರಡು ಜಾಸ್ತಿ: ಹಳೇ ಜಿಗ್ಸಾಗಳ ಜೊತೆ ನನ್ನ ಅನುಭವ

ಹಳೇ ಜಿಗ್ಸಾ ಪಜಲ್ ಕೈಗೆ ಬಂದರೆ ನಾನು ಮೊದಲು ಚಿತ್ರ ಜೋಡಿಸಲು ಕೂರುವುದಿಲ್ಲ. ಎಲ್ಲ ಪೀಸ್‌ಗಳನ್ನೂ ಮಗುಚಿ ಟ್ರೇಯಲ್ಲಿ ಹರಡುತ್ತೇನೆ. ಆಕಾಶ ಎಲ್ಲ ಪಜಲ್‌ನಲ್ಲೂ ನೀಲಿಯೇ ಅಲ್ವಾ? ಬೆನ್ನು ಹಾಗಲ್ಲ. ಒಂದರ ರಟ್ಟು ಬೂದು, ಇನ್ನೊಂದರದು ಕಂದು. ಪ್ಲೈವುಡ್ ಆದರೆ ಮರದ ಬಣ್ಣ, ಪದರ, ದಪ್ಪ ಎಲ್ಲವೂ ಬೇರೆ. ಬೇರೆ ಡಬ್ಬಿಯಿಂದ ಬಂದು ಸೇರಿಕೊಂಡ ಪೀಸ್ ಅಲ್ಲೇ ಸಿಕ್ಕಿಬೀಳುತ್ತದೆ. ಅನುಮಾನ ಬಂದರೆ ಎರಡನ್ನು ಒತ್ತಿಟ್ಟು ಉಗುರು ಆಡಿಸುತ್ತೇನೆ. ಕೂದಲೆಳೆಯಷ್ಟು ದಪ್ಪ ಹೆಚ್ಚುಕಮ್ಮಿ ಇದ್ದರೂ ತಡೆಯುತ್ತದೆ.

ಎಣಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಡಬ್ಬಿಯ ಮೇಲೆ 1000 ಎಂದಿದ್ದರೂ ಒಳಗೆ ಸಾಲಿಗೆ 38ರಂತೆ 27 ಸಾಲು, ಅಂದರೆ 1026 ಇರಬಹುದು. 500ರದ್ದರಲ್ಲಿ ಎಷ್ಟೋ ಸಲ 513 ಇರುತ್ತವೆ. ಸರಿಯಾಗಿ 1000 ಬಂತೆಂದು ಖುಷಿಪಟ್ಟರೆ 26 ಕಾಣೆಯಾಗಿರಲೂಬಹುದು. ಮುಚ್ಚಳದ ಒಳಗೆ ಹಿಂದಿನವರು ಪೆನ್ಸಿಲ್‌ನಲ್ಲಿ ‘ಒಂದು ಇಲ್ಲ’ ಎಂದು ಬರೆದಿದ್ದರೆ ಅದನ್ನು ಮಾತ್ರ ನಂಬುತ್ತೇನೆ. ಸುಮ್ನೆ ಯಾರೂ ಹಾಗೆ ಬರೆಯುವುದಿಲ್ಲ.

ಕೈಯಲ್ಲಿ ಕೊರೆದ ಮರದ ಪಜಲ್‌ಗಳು ಇನ್ನೂ ಸತಾಯಿಸುತ್ತವೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ದೊಡ್ಡವರಿಗೆಂದು ಮಾಡಿದ ಎಷ್ಟೋ ಡಬ್ಬಿಗಳ ಮೇಲೆ ಚಿತ್ರವೇ ಇರುತ್ತಿರಲಿಲ್ಲ. ಬಣ್ಣ ಬದಲಾಗುವ ಗೆರೆಯ ಮೇಲೆಯೇ ಗರಗಸ ಓಡಿಸುತ್ತಿದ್ದರು. ಹಾಗಾಗಿ ಕೆಂಪು ಪೀಸಿನ ಪಕ್ಕ ಹಸಿರು ಬರುತ್ತದೆಂದು ಸುಳಿವೇ ಸಿಗುವುದಿಲ್ಲ. ಪೂರ್ತಿ ಜೋಡಿಸದೆ ಏನು ಇಲ್ಲ ಎಂದು ಹೇಳಲಾಗದು.

ರಟ್ಟಿನ ಪಜಲ್‌ನಲ್ಲಿ ಒಂದು ಮಜಾ ಇದೆ. ಅವನ್ನು ಅಚ್ಚಿನಲ್ಲಿ ಒತ್ತಿ ಕತ್ತರಿಸುತ್ತಾರೆ. ಒಂದೇ ಅಚ್ಚನ್ನು ಬೇರೆ ಬೇರೆ ಚಿತ್ರಗಳಿಗೂ ಬಳಸುತ್ತಾರೆ. ಅದಕ್ಕೇ ಕೆಲವೊಮ್ಮೆ ಸಮುದ್ರದ ನಡುವೆ ಗುಲಾಬಿ ಹೂವಿನ ಪೀಸ್ ಟಕ್ ಅಂತ ಕೂತುಬಿಡುತ್ತದೆ. ಅದನ್ನು ನಾನು ಎಸೆಯುವುದಿಲ್ಲ. ಆಕಾರ ಸರಿಯಿದೆ, ಚಿತ್ರವಷ್ಟೇ ತಪ್ಪು. ಮೇಲಿನ ಕಾಗದ ನಿಧಾನವಾಗಿ ಸುಲಿದು, ಅದೇ ಜಾಗದ ಚಿತ್ರ ಮುದ್ರಿಸಿ ಅಂಟಿಸಿದರೆ ಕೆಲಸ ಮುಗಿಯಿತು. ಅಂಥ ಪೀಸ್ ಸಿಗದಿದ್ದರೆ ಸುತ್ತಲಿನ ಪೀಸ್‌ಗಳನ್ನು ಜೋಡಿಸಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತೇನೆ. ಖಾಲಿ ಜಾಗದ ಅಂಚು ಮೂಡುತ್ತದೆ. ಅದರಂತೆ ಅಷ್ಟೇ ದಪ್ಪದ ರಟ್ಟನ್ನು ಗೆರೆಗಿಂತ ಚೂರು ಹೊರಗೆ ಕತ್ತರಿಸಿ, ಉಪ್ಪುಕಾಗದದಿಂದ ತಿಕ್ಕುತ್ತಾ ಕೂರಿಸುತ್ತೇನೆ. ಜಾಸ್ತಿ ತಿಕ್ಕಿದರೆ ಸಡಿಲವಾಗುತ್ತದೆ, ಮತ್ತೆ ಹೊಸದು ಮಾಡಬೇಕು. ಬಣ್ಣಕ್ಕೆ ಕಲರ್ ಪೆನ್ಸಿಲ್ ಸಾಕು. ಹೊಳಪು ಮಾತ್ರ ಹೊಂದುವುದು ಕಷ್ಟ.

ನಾನು ಮಾಡಿದ ಪ್ರತಿ ಪೀಸಿನ ಬೆನ್ನಿಗೆ ಪೆನ್ಸಿಲ್‌ನಲ್ಲಿ ‘ಹೊಸದು’ ಎಂದು ಬರೆಯುತ್ತೇನೆ. ಗುರುತಿಲ್ಲದೆ ಮಾರುವುದು ಮೋಸವೇ, ಎಷ್ಟೇ ಚೆನ್ನಾಗಿ ಮಾಡಿದ್ದರೂ. ಪ್ರಾಣಿ ಆಕಾರದ ಮರದ ಪೀಸ್ ಕಳೆದಿದ್ದರೆ ನಾನು ಮಾಡಲು ಹೋಗುವುದೂ ಇಲ್ಲ. ಅಲ್ಲಿ ಏನಿತ್ತೋ, ಮೊಲವೋ ಹಕ್ಕಿಯೋ, ಸುಮ್ನೆ ಊಹಿಸಿ ತುಂಬಿಸಲು ನನಗೆ ಮನಸ್ಸಾಗದು.

ಇನ್ನೊಂದು ಮಾತು. ಒಂದೇ ಮನೆಯಿಂದ ಬಂದ ಡಬ್ಬಿಗಳನ್ನು ಸಾಧ್ಯವಾದರೆ ಒಟ್ಟಿಗೇ ಕೊಳ್ಳಿ. ಒಂದರಲ್ಲಿ ಹೆಚ್ಚಾದದ್ದು ಇನ್ನೊಂದರಲ್ಲಿ ಕಾಣೆಯಾದದ್ದೇ ಆಗಿರಬಹುದು. ಎಲ್ಲವನ್ನೂ ಜೋಡಿಸಿ ಮುಗಿಸಿದ ಮೇಲೂ ಉಳಿದ ಪೀಸ್‌ಗಳನ್ನು ಕವರಿಗೆ ಹಾಕಿ, ಬೆನ್ನಿನ ಬಣ್ಣ, ದಪ್ಪ, ಯಾವ ಡಬ್ಬಿಯಲ್ಲಿ ಸಿಕ್ಕಿತು ಎಂದು ಮೇಲೆ ಬರೆದಿಡುತ್ತೇನೆ. ಪಜಲನ್ನು ಯಾರಿಗಾದರೂ ಕೊಟ್ಟರೆ ಆ ಕವರೂ ಜೊತೆಗೇ ಹೋಗುತ್ತದೆ.