ನಾರಿನ ಧೂಳು ತಿಂದ ಕಂಪ್ಯೂಟರ್

ನಮ್ಮ ಕಂಪ್ಯೂಟರ್ ದಿನಾ ಬೆಳಿಗ್ಗೆ 2014ನೇ ಇಸವಿಗೆ ಹೋಗಿ ಕೂತಿರುತ್ತಿತ್ತು. ರಾತ್ರಿ ಗೋಡೆಯ ಸ್ವಿಚ್ ಆರಿಸಿ ಹೋದರೆ, ಬೆಳಿಗ್ಗೆ ಮೂಲೆಯಲ್ಲಿ ಜನವರಿ 1, 2014. ಜಿಎಸ್‌ಟಿ ಪೋರ್ಟಲ್ ತೆರೆಯಲು ಹೋದರೆ ಬ್ರೌಸರ್ ಒಳಗೇ ಬಿಡುತ್ತಿರಲಿಲ್ಲ. 2014ರಲ್ಲಿ ನಿಂತು ನೋಡಿದರೆ ಆ ಸೈಟು ಅಸಲಿ ಅಂತ ಬ್ರೌಸರಿಗೆ ತೋರಿಸುವ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ, ಅಲ್ವಾ? ನಾನು ತಾರೀಖು ಸರಿಮಾಡಿ ಕೆಲಸ ಶುರು ಮಾಡುತ್ತಿದ್ದೆ. ಪೂಜೆಗೆ ಮುಂಚೆ ಬಾಗಿಲು ಗುಡಿಸಿದ ಹಾಗೆ ಅದೂ ಒಂದು ಅಭ್ಯಾಸವಾಗಿಬಿಟ್ಟಿತ್ತು.

ನನ್ನ ಆಫೀಸು ಅಂದರೆ ತಿಪಟೂರಿನಲ್ಲಿ ಮಾವನ ಕೊಬ್ಬರಿ ಮಂಡಿಯ ಹಿಂದಿನ ಕೋಣೆ. ಹತ್ತಿಪ್ಪತ್ತು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್, ರಿಟರ್ನ್, ಕನ್ನಡ ಟೈಪಿಂಗಿನ 'ನುಡಿ' ಸಾಫ್ಟ್‌ವೇರಿನಲ್ಲಿ ಒಂದಷ್ಟು ಅರ್ಜಿ, ಇಷ್ಟೇ. ಮೇಜಿನ ಮೇಲೆ ಜಾಗ ಕಡಿಮೆ ಅಂತ 2014ರಲ್ಲಿ ಒಂದು ಆಲ್-ಇನ್-ಒನ್ ತಗೊಂಡಿದ್ದೆ. ಪರದೆಯ ಬೆನ್ನಿನಲ್ಲೇ ಇಡೀ ಕಂಪ್ಯೂಟರ್. ಒಳಗೆ ಐ3-4005ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್.

2025ರ ಏಪ್ರಿಲ್ 19ಕ್ಕೆ ಅದು ಕೈಕೊಟ್ಟಿತು. ಮಾರನೇ ದಿನ ಜಿಎಸ್‌ಟಿಯ ತಿಂಗಳ ರಿಟರ್ನ್ (3ಬಿ) ಹಾಕಲು ಕಡೇ ದಿನ. ಮಧ್ಯಾಹ್ನದೊಳಗೆ ಮೂರು ಸಲ ತಾನಾಗೇ ಆಫ್ ಆಯಿತು. ಆನ್ ಆಗಿ ಕೆಲಸಕ್ಕೆ ಬರಲು ಏಳೆಂಟು ನಿಮಿಷ. ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿತ್ತು. ಆ ರಿಟರ್ನ್‌ಗಳನ್ನು ಗೆಳೆಯನ ಲ್ಯಾಪ್‌ಟಾಪಿನಲ್ಲಿ ಹೇಗೋ ಮುಗಿಸಿದೆ. ರಿಪೇರಿಯವರೊಬ್ಬರು ಬಂದು ಬೆನ್ನು ಮುಟ್ಟಿ ನೋಡಿ, "ಬೋರ್ಡ್ ಹೋಗಿದೆ ಸಾರ್, ಇದಕ್ಕೆ ದುಡ್ಡು ಹಾಕ್ಬೇಡಿ" ಅಂದರು. ಬಿಚ್ಚಿ ನೋಡಲಿಲ್ಲ. ಮಾವ ಅಂತೂ, "ಹನ್ನೊಂದು ವರ್ಷ ದುಡೀತಲ್ಲಪ್ಪ, ಇನ್ನೆಷ್ಟು ಅದರ ಕೈಲಿ ಗೇಯಿಸ್ತೀಯ" ಅಂದರು. ಹೊಸದಕ್ಕೆ 45 ಸಾವಿರದ ಮೇಲೆ ಹೇಳುತ್ತಿದ್ದರು. ಎಲ್ಲ ಭಾಗಗಳೂ ಕೂತಿರುವ ಆ ಬೋರ್ಡೇ ಹೋಗಿದ್ದರೆ ಆನ್ ಹೇಗೆ ಆಗುತ್ತೆ ಅನ್ನೋದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಭಾನುವಾರ ಇದಕ್ಕೇ ಇಡೋಣ ಅಂದುಕೊಂಡೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಎರಡು ಪುಟ್ಟ ಸಾಫ್ಟ್‌ವೇರ್ ಹಾಕಿ ನೋಡಿದೆ. ಎರಡೂ ಪುಕ್ಕಟೆ. ಎಚ್‌ಡಬ್ಲ್ಯೂ ಮಾನಿಟರ್ ತೋರಿಸಿದ್ದು 98 ಡಿಗ್ರಿ. ಈ ಪ್ರೊಸೆಸರ್ ತಡೆಯುವ ಮಿತಿಯೇ 100. ಅಷ್ಟು ಕಾದಾಗ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. 1.7 ಗಿಗಾಹರ್ಟ್ಜ್ ಇರಬೇಕಾದದ್ದು 800 ಮೆಗಾಹರ್ಟ್ಜ್‌ನಲ್ಲಿ ತೆವಳುತ್ತಿತ್ತು. ಅದಕ್ಕೂ ಬಗ್ಗದಿದ್ದರೆ ಸೀದಾ ಆಫ್. ಇನ್ನೊಂದು, ಕ್ರಿಸ್ಟಲ್‌ಡಿಸ್ಕ್‌ಇನ್ಫೋ. ಅದರಲ್ಲಿ ಹಾರ್ಡ್ ಡಿಸ್ಕ್ ಮುಂದೆ ಹಳದಿ ಬಣ್ಣದಲ್ಲಿ 'ಕಾಷನ್'. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕಿನ ಪುಟ್ಟ ಪುಟ್ಟ ಭಾಗಗಳ) ಸಾಲಿನಲ್ಲಿ ಸೊನ್ನೆ ಇರಬೇಕಿತ್ತು, ಇರಲಿಲ್ಲ. ಅಂದರೆ ಕಾಯಿಲೆ ಒಂದಲ್ಲ, ಎರಡು. ಡಿಸ್ಕ್ ಸಾಯುತ್ತಿದೆ, ಪ್ರೊಸೆಸರ್ ಬೇಯುತ್ತಿದೆ. ಬೋರ್ಡಿನ ತಪ್ಪು ಏನೂ ಕಾಣಲಿಲ್ಲ.

ಡಿಸ್ಕ್ ಹೀಗಿದ್ದಾಗ ಮೊದಲ ಕೆಲಸ ಡೇಟಾ ಎತ್ತಿಕೊಳ್ಳುವುದು. ವಿಂಡೋಸ್‌ನಲ್ಲೇ ಇರುವ ಚೆಕ್‌ಡಿಸ್ಕ್ ಓಡಿಸಿ 'ಸರಿ' ಮಾಡಲು ಹೋಗಬೇಡಿ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಉಜ್ಜಿಸಿದರೆ ಇರೋದೂ ಹೋಗಬಹುದು. ನಾನು ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹಿಂದೆ ಟೇಬಲ್ ಫ್ಯಾನ್ ಇಟ್ಟು, ಟ್ಯಾಲಿಯ ಡೇಟಾ ಫೋಲ್ಡರ್ ಮೊದಲು, ಆಮೇಲೆ ನುಡಿ ಕಡತ, ಕಡೆಗೆ ಸ್ಕ್ಯಾನ್ ಮಾಡಿದ ಬಿಲ್ಲು, ಈ ಕ್ರಮದಲ್ಲಿ ಹೊರಗಿನ ಡಿಸ್ಕಿಗೆ ಎತ್ತಿದೆ. 2019ರ ಬಿಲ್ಲುಗಳ ಒಂದು ಫೋಲ್ಡರ್ ಮಾತ್ರ ಅರ್ಧಕ್ಕೆ ನಿಂತುಬಿಟ್ಟಿತು. ಅದನ್ನು ಆಮೇಲೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ ಎಳೆದೆ. ಅದು ಚೆನ್ನಾಗಿರುವ ಜಾಗವನ್ನೆಲ್ಲ ಮೊದಲು ಓದಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ. ಮೂರು ಬಿಲ್ಲು ಬಿಟ್ಟು ಉಳಿದದ್ದು ಸಿಕ್ಕಿತು. ಟ್ಯಾಲಿ ಬಳಸುವವರಿಗೆ ಇನ್ನೊಂದು ಮಾತು: ಹಳೇ ಡಿಸ್ಕ್ ಓಡುತ್ತಿರುವಾಗಲೇ ಲೈಸೆನ್ಸ್ ಸರೆಂಡರ್ ಮಾಡಿಬಿಡಿ. ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಲು ಸಲೀಸು.

ಇನ್ನು ಬಿಚ್ಚುವ ಕೆಲಸ. ಅಮ್ಮನ ಹತ್ತಿರ ಒಂದು ಕಂಬಳಿ, ಎರಡು ಇಡ್ಲಿ ತಟ್ಟೆ ಕೇಳಿದೆ. ನಮ್ಮ ಕಡೆಯ ತಟ್ಟೆ ಇಡ್ಲಿಯ ತಟ್ಟೆ ಇದಕ್ಕೆ ಆಗುವುದಿಲ್ಲ, ಗುಳಿ ಇರುವ ಮಾಮೂಲಿ ತಟ್ಟೆಯೇ ಬೇಕು. ಒಂದೊಂದು ಹಂತದಲ್ಲಿ ತೆಗೆದ ಸ್ಕ್ರೂಗಳನ್ನು ಒಂದೊಂದು ಗುಳಿಗೆ ಹಾಕುತ್ತಾ ಹೋಗುವುದು, ಕೂಡಿಸುವಾಗ ಹಿಂದಿನಿಂದ ಬರುವುದು. ಪಕ್ಕದಲ್ಲಿ ಫೋನು, ಪ್ರತಿ ಹಂತಕ್ಕೂ ಫೋಟೋ. ವೈರ್ ಕಿತ್ತು, ಪವರ್ ಗುಂಡಿಯನ್ನು ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿದು ಒಳಗೆ ಉಳಿದ ಕರೆಂಟು ಇಳಿಸಿದೆ. ಕಂಪ್ಯೂಟರನ್ನು ಕಂಬಳಿಯ ಮೇಲೆ ಮುಖ ಅಡಿ ಮಾಡಿ ಮಲಗಿಸಿದೆ.

ಸ್ಟ್ಯಾಂಡ್ ಬಿಚ್ಚಿದೆ. ರಬ್ಬರ್ ಬಿರಡೆಗಳ ಕೆಳಗೆ ಅವಿತಿದ್ದ ಸ್ಕ್ರೂ ತೆಗೆದೆ. ಡಿವಿಡಿ ಡ್ರೈವ್ ಒಂದೇ ಸ್ಕ್ರೂನಲ್ಲಿ ನಿಂತಿತ್ತು, ಅದನ್ನೂ ಎಳೆದೆ. ಮುಚ್ಚಳ ಮಾತ್ರ ಅಲುಗಾಡಲಿಲ್ಲ. ಸುತ್ತಲೂ ಪ್ಲಾಸ್ಟಿಕ್ ಕ್ಲಿಪ್ಪು. ಅವಧಿ ಮುಗಿದ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ನಿಧಾನಕ್ಕೆ ಎಬ್ಬಿಸುತ್ತಾ ಹೋಗಬೇಕು. ಕೆಳಗಿನ ಬಲಮೂಲೆಗೆ ಬಂದಾಗ ಸಾಕಾಗಿ ಸ್ವಲ್ಪ ಜೋರು ಮಾಡಿದೆ. ಟಕ್ ಅಂತ ಒಂದು ಕ್ಲಿಪ್ ಮುರಿಯಿತು. ಇವತ್ತಿಗೂ ಆ ಮೂಲೆಗೆ ಕಪ್ಪು ಟೇಪು ಸುತ್ತಿದೆ.

ಒಳಗೆ ನೋಡಿದರೆ ಬೋರ್ಡೇ ಕಾಣಲಿಲ್ಲ. ಎಲ್ಲದರ ಮೇಲೂ ಕಂದು ಬಣ್ಣದ ಪುಡಿ.

ತಿಪಟೂರಿನ ಉಂಡೆ ಕೊಬ್ಬರಿ ಹೇಗೆ ಆಗುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಒಣಗುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು ಇಡೀ ಕೊಬ್ಬರಿ ತೆಗೆಯುತ್ತಾರೆ. ಸುಲಿಯುವಾಗ ಏಳುವ ಧೂಳು ಬರೀ ಮಣ್ಣಲ್ಲ, ಅದರಲ್ಲಿ ನಾರು ಇರುತ್ತದೆ. ಅದು ಫ್ಯಾನಿನ ಬಾಯಿಂದ ಒಳಗೆ ಹೋಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಪ್ರೊಸೆಸರಿನ ಬಿಸಿಯನ್ನು ತಾಮ್ರದ ಕೊಳವೆಯೊಂದು ತಂದು ಬಾಚಣಿಗೆ ಹಲ್ಲಿನಂಥ ತೆಳು ತಗಡುಗಳಿಗೆ ಕೊಡುತ್ತದೆ. ಆ ತಗಡುಗಳ ಸಂದಿಯಿಂದ ಫ್ಯಾನು ಗಾಳಿ ಊದಬೇಕು. ನಾಲ್ಕು ಸ್ಕ್ರೂ ತೆಗೆದು ಫ್ಯಾನ್ ಪಕ್ಕಕ್ಕೆ ಸರಿಸಿದೆ. ತಗಡುಗಳ ಮುಂದೆ ಒಂದು ಗೋಡೆ. ಬೆರಳಿನ ಉದ್ದ, ಅರ್ಧ ಬೆರಳಿನ ದಪ್ಪ. ಚಿಮಟದಲ್ಲಿ ಹಿಡಿದು ಎಳೆದರೆ ಹಳೇ ಕಂಬಳಿಯ ತುಂಡಿನ ಹಾಗೆ ಒಂದೇ ಸಲಕ್ಕೆ ಇಡಿಯಾಗಿ ಬಂತು. ಅದರ ಮೇಲೆ ತಗಡಿನ ಹಲ್ಲಿನ ಗೆರೆಗಳೂ ಮೂಡಿದ್ದವು. ಮಾವನಿಗೆ ತೋರಿಸಿದರೆ ಕೈಯಲ್ಲಿ ತಿರುಗಿಸಿ ನೋಡಿ, "ಇದು ನಮ್ದೇ ಮಾಲು ಬಿಡು" ಅಂದರು.

ಇಲ್ಲಿ ನನ್ನ ತಪ್ಪೂ ಒಂದಿದೆ. ವರ್ಷಕ್ಕೆರಡು ಸಲ ಹೊರಗಿನ ಸಂದಿಯಿಂದ ಬ್ಲೋವರ್ ಹಿಡಿದು ಊದಿ, ಕ್ಲೀನ್ ಆಯಿತು ಅಂದುಕೊಳ್ಳುತ್ತಿದ್ದೆ. ಗಾಳಿ ಒಳಗೆ ಹೋಗುವ ಕಡೆಯಿಂದ ಊದಿದರೆ ಧೂಳು ಹೊರಗೆ ಬರಲ್ಲ, ಇನ್ನಷ್ಟು ಒಳಗೆ ಹೋಗಿ ಗಟ್ಟಿಯಾಗಿ ಕೂರುತ್ತದೆ. ಆ ಗೋಡೆಗೆ ನಾನೂ ವರ್ಷವರ್ಷ ಗಾರೆ ಹಾಕಿದ್ದೆ.

ಈ ಸಲ ಮುಚ್ಚಳ ತೆಗೆದು ಅಂಗಳದಲ್ಲಿ ಊದಿದೆ. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದೇ ಊದಬೇಕು. ಸುಮ್ನೆ ತಿರುಗಲು ಬಿಟ್ಟರೆ ಬೇಕಾದ್ದಕ್ಕಿಂತ ಜೋರಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಫ್ಯಾನಿನ ನಡುವಿನ ಸ್ಟಿಕ್ಕರ್ ಎತ್ತಿ ಒಂದು ಹನಿ ಎಣ್ಣೆ ಬಿಡಲು ಹೊರಟಾಗ, ಮಂಡಿಯ ಹುಡುಗ "ಅಣ್ಣಾ, ಕೊಬ್ಬರಿ ಎಣ್ಣೆ ತರ್ಲಾ?" ಅಂದ. ನಮ್ಮೂರಿನಲ್ಲಿ ಬರಬೇಕಾದ ಪ್ರಶ್ನೆಯೇ. ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಫ್ಯಾನು ಬೆಣ್ಣೆಯಲ್ಲಿ ಸಿಕ್ಕ ಹಾಗೆ ನಿಂತುಬಿಡುತ್ತದೆ. ಅಮ್ಮನ ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ಹನಿ ಬಿಟ್ಟೆ. ಗಿರಣಿ ಸದ್ದು ನಿಂತಿತು.

ತಾಮ್ರದ ಕೊಳವೆಯ ಬುಡ ಎತ್ತಿದಾಗ ಪ್ರೊಸೆಸರಿನ ಬಿಸಿಯನ್ನು ಕೊಳವೆಗೆ ದಾಟಿಸುವ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಪುಡಿಪುಡಿ ಉದುರಿತು. ಹಿಡಿದ ಧೂಳಿನಷ್ಟೇ ದೊಡ್ಡ ಕಾರಣ ಇದೂ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೆತ್ತಗಿನ ಬಟ್ಟೆಯಲ್ಲಿ ಒರೆಸಿದೆ. ಈ ಥರದ ಪ್ರೊಸೆಸರಿಗೆ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ. ಗಾಜಿನ ಹಾಗೆ ಹೊಳೆಯುವ ಎರಡು ಚಿಪ್, ಒಂದು ದೊಡ್ಡದು, ಒಂದು ಚಿಕ್ಕದು. ಅದರ ಅಂಚಿಗೆ ಸ್ಕ್ರೂಡ್ರೈವರ್ ತಾಕಿದರೆ ಕಥೆ ಮುಗೀತು. ದೊಡ್ಡದರ ಮೇಲೆ ತೊಗರಿಬೇಳೆಯಷ್ಟು, ಚಿಕ್ಕದರ ಮೇಲೆ ಸಾಸಿವೆಯಷ್ಟು ಹೊಸ ಪೇಸ್ಟ್ ಇಟ್ಟೆ. ಸ್ಕ್ರೂಗಳ ಪಕ್ಕ 1, 2, 3, 4 ಅಂತ ಬರೆದಿರುತ್ತದೆ. ಅದೇ ಕ್ರಮದಲ್ಲಿ, ಒಂದೇ ಸಲ ಬಿಗಿ ಮಾಡದೆ, ಸ್ವಲ್ಪಸ್ವಲ್ಪವೇ ಬಿಗಿಯಬೇಕು.

ಹಾರ್ಡ್ ಡಿಸ್ಕಿನ ಜಾಗಕ್ಕೆ 480 ಜಿಬಿ ಎಸ್‌ಎಸ್‌ಡಿ, ಅಂದರೆ ಡೇಟಾವನ್ನು ಚಿಪ್‌ಗಳಲ್ಲಿ ಇಡುವ ಡ್ರೈವ್. ಹಳೇದು ದೊಡ್ಡ ಡಿಸ್ಕ್, 3.5 ಇಂಚು. ಎಸ್‌ಎಸ್‌ಡಿ 2.5 ಇಂಚು. ಸಾಟಾ ಕನೆಕ್ಟರ್ ಎರಡಕ್ಕೂ ಒಂದೇ, ಗೂಡು ಮಾತ್ರ ದೊಡ್ಡದಾಯಿತು. ಅದಕ್ಕೊಂದು ತಗಡಿನ ಬ್ರ್ಯಾಕೆಟ್ ಸಿಗುತ್ತದೆ. ನನ್ನ ಹತ್ತಿರ ಇರಲಿಲ್ಲ, ಎರಡೂ ಕಡೆ ಅಂಟುವ ಟೇಪಿನಲ್ಲಿ ಕೂರಿಸಿದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗ ಏನೂ ಇಲ್ಲವಲ್ಲ, ನಡೆಯುತ್ತದೆ.

ರ‍್ಯಾಮ್ ವಿಷಯದಲ್ಲಿ ಎಡವಿದೆ. ಲ್ಯಾಪ್‌ಟಾಪಿನಲ್ಲಿ ಹಾಕುವ ಗಿಡ್ಡ ರ‍್ಯಾಮೇ ಇದಕ್ಕೂ ಬೇಕು ಅಂತ ಗೊತ್ತಿತ್ತು. ತುಮಕೂರಿಗೆ ಹೋದಾಗ ಸೆಕೆಂಡ್ ಹ್ಯಾಂಡ್ ಡಿಡಿಆರ್3, 4 ಜಿಬಿಯದ್ದು 500 ರೂಪಾಯಿಗೆ ತಂದಿದ್ದೆ. ಹಾಕಿ ಆನ್ ಮಾಡಿದರೆ ಪರದೆ ಕಪ್ಪು. ಬೀಪ್, ಬೀಪ್ ಅಷ್ಟೇ. ಬೋರ್ಡನ್ನು ನಾನೇ ಕೊಂದೆ ಅಂತ ಕೈಕಾಲು ತಣ್ಣಗಾಯಿತು. ಅದನ್ನು ಕಿತ್ತು ಹಳೇದನ್ನೊಂದನ್ನೇ ಹಾಕಿದರೆ ಜೀವ ಬಂತು. ಆಗ ಎರಡರ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಹಳೇದರಲ್ಲಿ 'ಪಿಸಿ3ಎಲ್', ತಂದದ್ದರಲ್ಲಿ ಬರೀ 'ಪಿಸಿ3'. ಆ 'ಎಲ್' ಒಂದಕ್ಷರ ಅಂದರೆ 1.35 ವೋಲ್ಟ್. ಅದಿಲ್ಲದ್ದು 1.5 ವೋಲ್ಟ್ ಕೇಳುತ್ತದೆ, ಈ ಬೋರ್ಡ್ ಕೊಡಲ್ಲ. ಅಂಗಡಿಯವರದು ತಪ್ಪಲ್ಲ, ಕೇಳಿದ್ದನ್ನೇ ಕೊಟ್ಟಿದ್ದರು. 650 ಕೊಟ್ಟು 'ಎಲ್' ಇರುವುದನ್ನು ತರಿಸಿದೆ. ಈಗ 4 ಮತ್ತು 4, ಒಟ್ಟು 8 ಜಿಬಿ. ಪ್ರೊಸೆಸರ್ ಬದಲಾಯಿಸಬಹುದಾ ಅಂತಲೂ ಕೆಲವರು ಕೇಳಿದರು. ಹೆಸರಿನ ಕೊನೆಯಲ್ಲಿ 'ಯು' ಇದ್ದರೆ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆ ಆಸೆ ಬಿಡಿ.

2014ರ ಕಾಟಕ್ಕೆ ಮದ್ದು 40 ರೂಪಾಯಿ. ಬೋರ್ಡಿನ ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದ ಥರದ ಸೆಲ್, ಸಿಆರ್2032. ಸ್ವಿಚ್ ಆರಿಸಿದಾಗ ಗಡಿಯಾರ ನಡೆಸುವುದು ಇದೇ. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಬದಲಾಯಿಸಲು ಅರ್ಧ ನಿಮಿಷ. ಎರಡು ವರ್ಷ ದಿನಾ ತಾರೀಖು ತಿದ್ದಿದ್ದು ನೆನೆಸಿಕೊಂಡು ನಗು ಬಂತು.

ಕೂಡಿಸಿ, ವಿಂಡೋಸ್ 10 ಹೊಸದಾಗಿ ಹಾಕಿದೆ. ಅದೇ ಬೋರ್ಡ್ ಆದ್ದರಿಂದ ಕೀ ಕೇಳದೆ ತಾನೇ ಆಕ್ಟಿವೇಟ್ ಆಯಿತು. ಆನ್ ಮಾಡಿದ ಇಪ್ಪತ್ತೈದು ಸೆಕೆಂಡಿಗೆ ಟ್ಯಾಲಿ ತೆರೆಯಲು ಸಿದ್ಧ. ಇಡೀ ದಿನ ಕೆಲಸ ಮಾಡಿದರೂ ಬಿಸಿ 64 ಡಿಗ್ರಿ ದಾಟಲಿಲ್ಲ. ಎಸ್‌ಎಸ್‌ಡಿಗೆ 2,900, ಪೇಸ್ಟಿಗೆ 150, ಎರಡು ರ‍್ಯಾಮಿಗೆ 1,150, ಸೆಲ್ಲಿಗೆ 40. ದಂಡದ ರ‍್ಯಾಮೂ ಸೇರಿ 4,240 ರೂಪಾಯಿ.

ವಿಂಡೋಸ್ 11 ಇದಕ್ಕೆ ಬರಲ್ಲ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಇದು 4ನೆಯದು. ವಿಂಡೋಸ್ 11 ಕೇಳುವ ಭದ್ರತೆಯ ಭಾಗ, ಟಿಪಿಎಂ 2.0 ಕೂಡ ಇಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಾಗ, ಮೈಕ್ರೋಸಾಫ್ಟ್ ಕೊಟ್ಟ ಒಂದು ವರ್ಷದ ಹೆಚ್ಚುವರಿ ಅಪ್‌ಡೇಟಿಗೆ ಸೇರಿಕೊಂಡೆ. ಅದು 2026ರ ಅಕ್ಟೋಬರ್ 13ರ ತನಕ. ಜೊತೆಗೆ ಎಸ್‌ಎಸ್‌ಡಿಯ ಕಾಲು ಭಾಗದಲ್ಲಿ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ಹಾಕಿ, ಈಗಿಂದಲೇ ಕೈ ಪಳಗಿಸುತ್ತಿದ್ದೇನೆ. ಕಗಪ ಕೀಲಿಮಣೆ ಅದರಲ್ಲೇ ಇದೆ, ನುಡಿಯಲ್ಲಿ ಕುಟ್ಟಿದ ಬೆರಳಿಗೆ ಹೆಚ್ಚೇನೂ ಕಲಿಯಬೇಕಿಲ್ಲ. ಆದರೆ ಯೂನಿಕೋಡ್ ಅಲ್ಲದ ಹಳೇ ನುಡಿ ಕಡತಗಳು ಅಲ್ಲಿ ಕಾಗೆ ಗೂಡಿನ ಥರ ಕಾಣುತ್ತವೆ. ಬಿಡುವಾದಾಗ ಒಂದೊಂದೇ ಬದಲಾಯಿಸುತ್ತಿದ್ದೇನೆ.

ಮೇಜನ್ನು ಮಂಡಿಯ ಬಾಗಿಲಿನಿಂದ ದೂರ, ಕಿಟಕಿ ಕಡೆಗೆ ತಿರುಗಿಸಿದೆ. ಗಾಳಿ ಒಳಗೆ ಹೋಗುವ ಸಂದಿಗೆ ಹಳೇ ಸೊಳ್ಳೆ ಪರದೆಯ ಒಂದು ಪದರ ಅಂಟಿಸಿದೆ. ಎರಡು ಪದರ ಹಾಕಿ ನೋಡಿದೆ, ಬಿಸಿ ಏಳು ಡಿಗ್ರಿ ಏರಿತು, ಒಂದನ್ನು ಕಿತ್ತೆ. ತಿಂಗಳಿಗೊಮ್ಮೆ, ರಿಟರ್ನ್ ಮುಗಿದ ಮಾರನೇ ದಿನ, ಆ ಪರದೆ ಬಿಚ್ಚಿ ಒದರುತ್ತೇನೆ. ಮೊನ್ನೆ ಒದರಿದಾಗ ಒಂದು ಚಿಟಿಕೆ ನಾರು ಬಿತ್ತು. ಹುಡುಗ ಅದನ್ನೂ ಗುಡಿಸಿ ಸಿಪ್ಪೆ ರಾಶಿಗೇ ಹಾಕಿದ.