‘ಸ’ ಕಿವಿಗೆ ಚುಚ್ಚುತ್ತಿದೆಯಾ? ಮುಳ್ಳು ಬದಲಿಸುವ ಮೊದಲು ಕೇಬಲ್ ಅಳೆಯಿರಿ

ಕಳೆದ ಮಳೆಗಾಲದಲ್ಲಿ ಮಂಗಳೂರಿನ ಬಿಜೈಯ ನಮ್ಮ ಮನೆಯಲ್ಲಿ ಟರ್ನ್‌ಟೇಬಲ್ ಕಿಟಕಿಯ ಪಕ್ಕದಿಂದ ಒಳಗಿನ ಗೋಡೆಗೆ ಹೋಯಿತು. ಮಳೆಯ ಎರಚಲು ಹೊಡೆಯುತ್ತದಲ್ಲ, ಅದಕ್ಕೆ. ಆಂಪ್ಲಿಫೈಯರ್ ಮಾತ್ರ ಹಳೆಯ ಕಪಾಟಿನಲ್ಲೇ ಉಳಿಯಿತು. ನಡುವೆ ಮೂರು ಮೀಟರ್ ಕೇಬಲ್ ಎಳೆದೆ. ಅವತ್ತಿನಿಂದ ಭಾವಗೀತೆಯ ಪ್ಲೇಟ್ ಹಾಕಿದರೆ ಪ್ರತಿ ‘ಸ’, ಪ್ರತಿ ‘ಶ’ ಕಿವಿಗೆ ಚುಚ್ಚತೊಡಗಿತು. “ಎಂತ ಬಾವ ಇದು, ಹಾಡುವುದಾ ಸೀಟಿ ಊದುವುದಾ?” ಎಂದು ಬಾವ ಕೇಳಿಯೇಬಿಟ್ಟರು. ಮುಳ್ಳು ಸವೆದಿರಬೇಕು ಎಂದು ಹೊಸದು ತರಿಸಿದೆ. ದುಡ್ಡು ಹೋಯಿತು, ಸೀಟಿ ಹೋಗಲಿಲ್ಲ. ಮುಳ್ಳಿನದ್ದು ಏನೂ ತಪ್ಪಿರಲಿಲ್ಲ. ನಾನು ಎಳೆದ ಕೇಬಲ್ಲೇ ಕಾರ್ಟ್ರಿಜ್‌ಗೆ, ಅಂದರೆ ಮುಳ್ಳು ಕೂತಿರುವ ಪುಟ್ಟ ಡಬ್ಬಿಗೆ, ಹೊರೆಯಾಗಿತ್ತು.

ಈ ಹೊರೆಗೆ ಆಡಿಯೊ ಮಂದಿ ‘ಲೋಡಿಂಗ್’ ಎನ್ನುತ್ತಾರೆ. ಅದನ್ನು ಸರಿ ಮಾಡಿಕೊಳ್ಳುವುದು ಕಷ್ಟದ ಕೆಲಸವೇನಲ್ಲ.

ಉಯ್ಯಾಲೆ ಮತ್ತು ಕಾಲು

ಹೆಚ್ಚಿನ ಮನೆಗಳಲ್ಲಿರುವುದು ಮೂವಿಂಗ್ ಮ್ಯಾಗ್ನೆಟ್, ಅಂದರೆ ಎಂಎಂ ಕಾರ್ಟ್ರಿಜ್. ಮುಳ್ಳಿನ ಹಿಂದೆ ಪುಟ್ಟ ಅಯಸ್ಕಾಂತ, ಸುತ್ತ ತಂತಿಯ ಕಾಯಿಲ್. ಈ ಕಾಯಿಲ್‌ಗೆ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತವನ್ನು ತಡೆಯುವ ಗುಣ, ಜಾಸ್ತಿ. ಕೇಬಲ್‌ಗೆ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಗುಣ, ಇರುತ್ತದೆ. ಎರಡೂ ಸೇರಿದರೆ ಉಯ್ಯಾಲೆಯ ಹಾಗೆ ಒಂದು ತೂಗುವ ಜೋಡಿ ಆಗುತ್ತದೆ. ಕೆಪಾಸಿಟೆನ್ಸ್ ಹೆಚ್ಚಿದರೆ ಹಗ್ಗ ಉದ್ದ ಮಾಡಿದ ಹಾಗೆ, ತೂಗಾಟ ನಿಧಾನವಾಗುತ್ತದೆ. ಆಂಪ್ಲಿಫೈಯರ್ ಒಳಗಿನ 47 ಸಾವಿರ ಓಮ್ ರೆಸಿಸ್ಟರ್ ಎಂದರೆ ಉಯ್ಯಾಲೆ ವಿಪರೀತ ತೂಗದಂತೆ ನೆಲಕ್ಕೆ ಒರೆಸುವ ಕಾಲು.

ಲೆಕ್ಕ ನೋಡಿ. ನನ್ನದು ಆಡಿಯೊ ಟೆಕ್ನಿಕಾ ವಿಎಂ95ಇ. ಕಾಯಿಲ್‌ನ ಇಂಡಕ್ಟೆನ್ಸ್ 550 ಮಿಲಿಹೆನ್ರಿ. ಒಟ್ಟು ಕೆಪಾಸಿಟೆನ್ಸ್ 150 ಪಿಕೋಫ್ಯಾರಡ್ ಇದ್ದರೆ ಉಯ್ಯಾಲೆ ತೂಗುವುದು ಸುಮಾರು 17,500 ಹರ್ಟ್ಸ್‌ನಲ್ಲಿ. ಅದು ನನ್ನ ವಯಸ್ಸಿನ ಕಿವಿಗೆ ಹೇಗೂ ಕೇಳುವುದಿಲ್ಲ. 500 ಆದರೆ 9,600 ಹರ್ಟ್ಸ್‌ಗೆ ಇಳಿಯುತ್ತದೆ. ಅಲ್ಲಿ ಸ್ವರ ಗುಡ್ಡದ ಹಾಗೆ ಏರಿ, ಆಮೇಲೆ ದಡಕ್ಕನೆ ಇಳಿಯುತ್ತದೆ. ‘ಸ’, ‘ಶ’ಗಳ ಸದ್ದು ಇರುವುದೇ ಈ ಗುಡ್ಡದ ಆಸುಪಾಸಿನಲ್ಲಿ. ಹಾಗಾಗಿ ಒಂದು ಕಡೆ ಸೀಟಿ, ಇನ್ನೊಂದು ಕಡೆ ಚಕ್ರತಾಳದ ತುದಿಯ ಕಿಣಿಕಿಣಿ ಮಾಯ.

ಮೊದಲು ರೋಗ ಇದೇನಾ ನೋಡಿ

ಪ್ಲೇಟಿನ ಹೊರಗಿನ ಹಾಡು ಚೆನ್ನಾಗಿದ್ದು, ಒಳಗೆ ಲೇಬಲ್ ಹತ್ತಿರ ಬಂದಾಗ ಮಾತ್ರ ‘ಸ’ ಒಡೆದರೆ ಅದು ಲೋಡಿಂಗ್ ಅಲ್ಲ. ಮುಳ್ಳು ಸವೆದಿರಬಹುದು, ಕೂರಿಸಿದ ಕೋನ ತಪ್ಪಿರಬಹುದು, ಭಾರ ಹೆಚ್ಚುಕಡಿಮೆ ಆಗಿರಬಹುದು. ಮೊದಲಿನಿಂದ ಕೊನೆಯವರೆಗೆ, ಎಲ್ಲ ಪ್ಲೇಟಿನಲ್ಲೂ ಒಂದೇ ರೀತಿ ಚುಚ್ಚಿದರೆ ಮಾತ್ರ ಮುಂದೆ ಓದಿ.

ಟರ್ನ್‌ಟೇಬಲ್ ಹಿಂದೆ ಫೋನೊ–ಲೈನ್ ಸ್ವಿಚ್ ಇದ್ದು, ನೀವು ಅದನ್ನು ಲೈನ್‌ನಲ್ಲಿ ಇಟ್ಟಿದ್ದರೆ ಕೇಬಲ್ ಬಗ್ಗೆ ಚಿಂತೆ ಬೇಡ. ಕಾರ್ಟ್ರಿಜ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ ಪ್ರಿಆಂಪ್ ಒಳಗೇ ಇದೆ, ಅದರ ಆಚೆಯ ಕೇಬಲ್ ಕಾರ್ಟ್ರಿಜ್‌ಗೆ ತಾಗುವುದಿಲ್ಲ.

ಅಳೆಯುವುದು

ಕಾರ್ಟ್ರಿಜ್ ಜೊತೆ ಬಂದ ಚೀಟಿಯಲ್ಲಿ ‘ಲೋಡ್ ಕೆಪಾಸಿಟೆನ್ಸ್’ ಎಂಬ ಸಾಲು ಹುಡುಕಿ. ವಿಎಂ95ಇಗೆ 100ರಿಂದ 200 ಪಿಕೋಫ್ಯಾರಡ್. ಆರ್ಟೋಫಾನ್ 2ಎಂ ರೆಡ್‌ಗೆ 150ರಿಂದ 300. ಇದು ಇಡೀ ದಾರಿಯ ಮೊತ್ತ: ಟೋನ್‌ಆರ್ಮ್ (ಕಾರ್ಟ್ರಿಜ್ ಹಿಡಿದಿರುವ ತೋಳು) ಒಳಗಿನ ತಂತಿ, ಕೇಬಲ್, ಆಂಪ್ಲಿಫೈಯರಿನ ಫೋನೊ ಇನ್‌ಪುಟ್, ಮೂರೂ ಸೇರಿ.

ಕೆಪಾಸಿಟೆನ್ಸ್ ಅಳೆಯುವ ಮಲ್ಟಿಮೀಟರ್ ಬೇಕು. ನಾನು ಪರಿಚಯದ ರೇಡಿಯೊ ಮೆಕ್ಯಾನಿಕ್ ಹತ್ತಿರ ಒಂದು ಸಂಜೆಗೆ ಎರವಲು ತಂದೆ. ಆಂಪ್ಲಿಫೈಯರ್ ಆಫ್ ಮಾಡಿ, ಅದರ ಕಡೆಯ ಕೇಬಲ್ ತುದಿ ಮಾತ್ರ ಕಿತ್ತುಬಿಡಿ. ತೋಳಿನ ತುದಿಯಲ್ಲಿ ಕಾರ್ಟ್ರಿಜ್ ಇರುವ ಹೆಡ್‌ಶೆಲ್ ಕಳಚಿ ಪಕ್ಕಕ್ಕಿಡಿ. ಇದನ್ನು ಮರೆಯಬೇಡಿ, ಕಾಯಿಲ್ ಸಿಕ್ಕಿಸಿಕೊಂಡೇ ಅಳೆದರೆ ಮೀಟರ್ ಅರ್ಥವಿಲ್ಲದ ಅಂಕಿ ತೋರಿಸುತ್ತದೆ. ಹೆಡ್‌ಶೆಲ್ ಕಳಚದ ಮಾದರಿಯಾದರೆ ಕಾರ್ಟ್ರಿಜ್ ಹಿಂದಿನ ನಾಲ್ಕು ಪುಟ್ಟ ಕ್ಲಿಪ್‌ಗಳನ್ನು ಚಿಮಟದಿಂದ ಮೆಲ್ಲಗೆ ಎಳೆಯಿರಿ. ಬಣ್ಣಗಳ ಫೋಟೋ ತೆಗೆದಿಟ್ಟುಕೊಳ್ಳಿ. ಆ ತಂತಿ ಕೂದಲಿನಷ್ಟು ತೆಳು, ಅವಸರ ಮಾಡಿದರೆ ಕೈಯಲ್ಲೇ ಬರುತ್ತದೆ.

ಈಗ ಮೀಟರ್‌ನ ಒಂದು ಕಡ್ಡಿಯನ್ನು ಕೇಬಲ್ ಪ್ಲಗ್ಗಿನ ನಡುವಿನ ಪಿನ್‌ಗೆ, ಇನ್ನೊಂದನ್ನು ಹೊರಗಿನ ಉಂಗುರಕ್ಕೆ ಮುಟ್ಟಿಸಿ. ಕಡ್ಡಿಗಳನ್ನು ಎಲ್ಲಿಗೂ ಮುಟ್ಟಿಸದೆ ಹಿಡಿದಾಗಲೂ ಮೀಟರ್ ಏನಾದರೂ ತೋರಿಸಿದರೆ ಅಷ್ಟನ್ನು ಕಳೆಯಿರಿ. ಎಡ, ಬಲ ಎರಡನ್ನೂ ಅಳೆಯಿರಿ. ನನಗೆ ಬಂದದ್ದು 400. ಆಂಪ್ಲಿಫೈಯರ್ ಪುಸ್ತಕದಲ್ಲಿದ್ದ 100 ಸೇರಿಸಿದೆ. ಒಟ್ಟು 500. ಬೇಕಿದ್ದದ್ದು ಜಾಸ್ತಿ ಅಂದರೆ 200!

ಇಳಿಸುವುದು ಹೇಗೆ, ಏರಿಸುವುದು ಹೇಗೆ

ಇಳಿಸಲು ದಾರಿ ಎರಡು. ಕೇಬಲ್ ಗಿಡ್ಡ ಮಾಡಿ, ಇಲ್ಲವೇ ಕೆಪಾಸಿಟೆನ್ಸ್ ಕಡಿಮೆ ಇರುವುದನ್ನು ತನ್ನಿ. ಕೊಳ್ಳುವಾಗ ಒಂದು ಮೀಟರಿಗೆ ಎಷ್ಟು ಪಿಕೋಫ್ಯಾರಡ್ ಎಂದು ನೋಡಿ. 50ರ ಹತ್ತಿರ ಇದ್ದರೆ ಒಳ್ಳೆಯದು. ಚಿನ್ನದ ಬಣ್ಣದ ಪ್ಲಗ್ಗು, ಹೆಬ್ಬೆರಳು ದಪ್ಪದ ಹೊದಿಕೆ ನೋಡಿ ಮರುಳಾಗಬೇಡಿ, ಅದರಿಂದ ಈ ಲೆಕ್ಕ ಬದಲಾಗುವುದಿಲ್ಲ.

ಏರಿಸುವುದು ಸುಲಭ. ಮೊತ್ತ ಕಡಿಮೆಯಾಗಿ ಸ್ವರ ಸಪ್ಪೆ ಅನಿಸಿದರೆ ಪಿನ್ ಮತ್ತು ಉಂಗುರದ ನಡುವೆ 47 ಅಥವಾ 100 ಪಿಕೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಬಹುದು. ಪಾಲಿಸ್ಟೈರೀನ್ ಅಥವಾ ಸಿಲ್ವರ್ ಮೈಕಾ ಕೇಳಿ. ಎರಡೂ ಬದಿಗೆ ಒಂದೇ ಅಳತೆಯದ್ದು ಇರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಹಾಡನ್ನು ಮತ್ತೆ ಕೇಳಿ. ‘ಶರಶಯ್ಯೆ’, ‘ಸಾಸಿವೆ’ ತರಹದ ಶಬ್ದ ಬರುವ ಹಾಡು ಆರಿಸಿದರೆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ.

ಮೂವಿಂಗ್ ಕಾಯಿಲ್, ಅಂದರೆ ಎಂಸಿ ಕಾರ್ಟ್ರಿಜ್ ಇದ್ದವರ ಕತೆ ಬೇರೆ. ಅದರ ಕಾಯಿಲ್ ಚಿಕ್ಕದು, ಕೇಬಲ್ ಉದ್ದ ಅಷ್ಟಾಗಿ ಕಾಡುವುದಿಲ್ಲ. ಅಲ್ಲಿ ನೋಡಬೇಕಾದದ್ದು ರೆಸಿಸ್ಟರ್. ಕಾಯಿಲ್‌ನ ಓಮ್‌ಗಿಂತ ಹತ್ತು ಪಟ್ಟು ಇದ್ದರೆ ಸ್ವರದ ಮಟ್ಟ ಒಂದು ಡೆಸಿಬೆಲ್‌ಗಿಂತ ಕಡಿಮೆ ಇಳಿಯುತ್ತದೆ. ಡೆನಾನ್ ಡಿಎಲ್-103ರ ಕಾಯಿಲ್ 40 ಓಮ್. ಅದಕ್ಕೆ 100 ಓಮ್ ಕೊಟ್ಟರೆ ಸುಮಾರು ಮೂರು ಡೆಸಿಬೆಲ್ ಇಳಿಯುತ್ತದೆ, 400 ಕೊಟ್ಟರೆ ಬರೀ 0.8. ಎರಡನ್ನೂ ಕೇಳಿ ನೋಡಿ ನಿಮಗೆ ಇಷ್ಟವಾದದ್ದನ್ನು ಇಟ್ಟುಕೊಳ್ಳಿ.

ಇನ್ನು ಅಜ್ಜನ ಕಾಲದ ಸೂಟ್‌ಕೇಸ್ ಪ್ಲೇಯರ್. ಅದರಲ್ಲಿ ಹೆಚ್ಚಾಗಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತದೆ. ಅದಕ್ಕೆ ಬೇಕಾದದ್ದು ಹತ್ತು ಲಕ್ಷ ಓಮ್ ಲೋಡ್. ಫೋನೊ ಸಾಕೆಟ್‌ಗೆ ಹಾಕಿದರೆ ಸ್ವರ ಒಡೆಯುತ್ತದೆ, ಆಕ್ಸ್ ಎಂಬ ಮಾಮೂಲಿ ಸಾಕೆಟ್‌ಗೆ ಹಾಕಿದರೆ ಬೇಸ್ ಸೊರಗುತ್ತದೆ. ಅದನ್ನು ಅದರದ್ದೇ ಆಂಪ್ಲಿಫೈಯರ್‌ನಲ್ಲಿ ಬಿಡುವುದು ವಾಸಿ.

ಕೇಬಲ್ ಕಿತ್ತಾಗ ಪ್ಲಗ್ ನೋಡಿ. ನಮ್ಮ ಉಪ್ಪುಗಾಳಿಗೆ ಅದರ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ. ಬಟ್ಟೆಗೆ ಒಂದಿಷ್ಟು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಉಜ್ಜಿ, ಒಣಗಿದ ಮೇಲೆ ಸಿಕ್ಕಿಸಿ.

ನಾನು ಕೊನೆಗೆ ಆಂಪ್ಲಿಫೈಯರನ್ನೇ ಕಪಾಟಿನಿಂದ ಇಳಿಸಿ ಟರ್ನ್‌ಟೇಬಲ್ ಪಕ್ಕಕ್ಕೆ ತಂದೆ. ಮುಕ್ಕಾಲು ಮೀಟರಿನ ಹೊಸ ಕೇಬಲ್ ಹಾಕಿದ ಮೇಲೆ ಮೊತ್ತ 200ರ ಆಸುಪಾಸಿಗೆ ಬಂತು. ಸ್ಪೀಕರ್ ವೈರ್ ಈಗ ಉದ್ದವಾಗಿದೆ. ಅದು ಆಂಪ್ಲಿಫೈಯರಿನ ಆಚೆಗಿರುವುದರಿಂದ ಕಾರ್ಟ್ರಿಜ್‌ಗೆ ಅದರ ಗೊಡವೆಯಿಲ್ಲ. ಬಾವ ಎಡವಿ ಬೀಳದಂತೆ ಗೋಡೆಯ ಅಂಚಿಗೆ ಕ್ಲಿಪ್ ಹೊಡೆದಿದ್ದೇನೆ.